ಪೇಟೆಯಲ್ಲಿ ರಾತ್ರಿ ಗಸ್ತು ಶುರುವಾಗಿದೆ. ಮಲಗಿದವರನ್ನು ಎಬ್ಬಿಸಬೇಕಾ, ಬೇಡವಾ?

ಪ್ರೆಸ್_ಪಾಳಿ
ನಾನು ಬೆಂಗಳೂರಿನ ಅವೆನ್ಯೂ ರಸ್ತೆ ಹತ್ತಿರ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತೇನೆ. ವಾರಕ್ಕೆ ನಾಲ್ಕು ದಿನ ರಾತ್ರಿ ಪಾಳಿ. ಕಳೆದ ತಿಂಗಳು ನಮ್ಮ ಓಣಿಯ ಅಂಗಡಿಯವರೆಲ್ಲ ಸೇರಿ ಒಂದು ಗಸ್ತು ತಂಡ ಕಟ್ಟಿದರು. ಹನ್ನೆರಡು ಜನ, ಹಳದಿ ಜಾಕೆಟ್, ದೊಡ್ಡ ಟಾರ್ಚು, ಕೊರಳಿಗೆ ಸೀಟಿ. ಮಧ್ಯರಾತ್ರಿಯಿಂದ ಮೂರರವರೆಗೆ ಚಿಕ್ಕಪೇಟೆಯಿಂದ ಮಾರ್ಕೆಟ್ ಕಡೆಗೆ ಸುತ್ತು. ಹೇಗೂ ಎಚ್ಚರ ಇರ್ತೀಯ ಅಂತ ನನ್ನನ್ನೂ ಸೇರಿಸಿಕೊಂಡರು.

ಮೀಟಿಂಗಿನಲ್ಲಿ ಒಬ್ಬರು "ಪಾಪ, ಬೀದೀಲಿ ಬಿದ್ದವರಿಗೆ ಸಹಾಯ ಆಗುತ್ತೆ" ಅಂದರು. ಇನ್ನೊಬ್ಬರು "ಫುಟ್‌ಪಾತ್ ಕ್ಲೀನ್ ಆಗುತ್ತೆ" ಅಂದರು. ಎರಡಕ್ಕೂ ಚಪ್ಪಾಳೆ ಬಿತ್ತು. ಇವು ಬೇರೆ ಬೇರೆ ಕೆಲಸ ಅಂತ ನನಗೆ ಅವತ್ತು ಹೊಳೆಯಲಿಲ್ಲ.

ಮೊನ್ನೆ ಮಂಗಳವಾರ ಒಂದು ಸೀರೆ ಅಂಗಡಿಯ ಶಟರ್ ಮುಂದೆ ಅಜ್ಜಿಯೊಬ್ಬರು ಮಲಗಿದ್ದರು. ಕೆಳಗೆ ಗೋಣಿಚೀಲ, ಮುಖದ ಮೇಲೆ ಸೆರಗು. ನಮ್ಮವನೊಬ್ಬ ಟಾರ್ಚ್ ಬಿಟ್ಟು ಸೀಟಿ ಊದಿದ. ಅಜ್ಜಿ ಒಂದು ಮಾತೂ ಆಡಲಿಲ್ಲ. ಎದ್ದರು, ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು, ಚಪ್ಪಲಿ ಕೈಯಲ್ಲಿ ಹಿಡಿದು ನಡೆದುಬಿಟ್ಟರು. ಎಷ್ಟು ಸಲ ಹೀಗೆ ಎದ್ದಿದ್ದಾರೋ ಏನೋ, ಅಷ್ಟು ಸಲೀಸು. ಎಲ್ಲಿಗೆ ಹೋದರು ಅಂತ ನಾವ್ಯಾರೂ ಕೇಳಲಿಲ್ಲ. ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಖಾಲಿ ಜಾಗದ ಫೋಟೋ ಬಿತ್ತು, ಕೆಳಗೆ "ಕ್ಲಿಯರ್" ಅಂತ.

ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಇಂಥ ಕೆಲಸ ಮಾಡಿದವರು ಇದ್ದರೆ ಹೇಳಿ. ಗಸ್ತು ಸರಿಯಾಗಿ ಮಾಡುವುದು ಹೇಗೆ? ಅಥವಾ ಜಾಕೆಟ್ ವಾಪಸ್ ಕೊಟ್ಟು ಸುಮ್ನೆ ಇರಲಾ?

ತರ್ಲೆ_ತಿಮ್ಮ
ಮೊದಲು ಆ ಸೀಟಿ ಬಿಸಾಕಿ ಸ್ವಾಮಿ.

ಗಲ್ಲಾಪೆಟ್ಟಿಗೆ
ನನ್ನದೂ ಪೇಟೆಯಲ್ಲೇ ಅಂಗಡಿ. ಎರಡನೇ ತಲೆಮಾರು. ಒಂದು ನೇರ ಮಾತು ಹೇಳುತ್ತೇನೆ, ಬೈಯಬೇಡಿ. ದಿನಾ ಬೆಳಗ್ಗೆ ಎಂಟಕ್ಕೆ ಬಂದು ಶಟರ್ ಮುಂದಿನ ಗಲೀಜು ತೊಳೆಯುವವನು ನಾನು. ಎರಡು ಬಕೆಟ್ ನೀರು, ಫಿನಾಯಿಲ್. ಆಮೇಲೆ ದೇವರ ಫೋಟೋಗೆ ಊದುಬತ್ತಿ. ಕಳೆದ ವರ್ಷ ಎರಡು ಸಲ ಬೀಗ ಮುರಿದರು. ದಯೆ ತೋರಿಸುವವರೆಲ್ಲ ಬೇರೆಯವರ ಅಂಗಡಿ ಮುಂದೆ ತೋರಿಸುತ್ತಾರೆ, ಅಲ್ವಾ? ಗಸ್ತು ಬೇಕೇ ಬೇಕು. ಅಜ್ಜಿಗೆ ಸೀಟಿ ಊದಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಅಲ್ಲಿ ಮಲಗುವವರದೆಲ್ಲ ಹೆಸರು, ಫೋಟೋ, ಆಧಾರ್ ನಂಬರ್ ಒಂದು ಪುಸ್ತಕದಲ್ಲಿ ಬರೆದಿಡಿ. ಯಾರು ಏನು ಅಂತ ಗೊತ್ತಾಗುತ್ತೆ.

ನಿವೃತ್ತ_ಪೇದೆ
ಮೂವತ್ತೊಂದು ವರ್ಷ ಸರ್ವೀಸು ನನ್ನದು. ಅದರಲ್ಲಿ ಒಂಬತ್ತು ವರ್ಷ ರಾತ್ರಿ ಬೀಟು.

ಗಲ್ಲಾಪೆಟ್ಟಿಗೆಯವರೇ, ನಿಮಗೆ ಒಂದು ಗುಟ್ಟು ಹೇಳುತ್ತೇನೆ. ಕಳ್ಳ ಮಲಗುವುದಿಲ್ಲ. ಶಟರ್ ಮುಂದೆ ಯಾರಾದರೂ ಮಲಗಿದ್ದರೆ ಬೀಗ ಒಡೆಯುವವನು ಪಕ್ಕದ ಓಣಿಗೆ ಹೋಗುತ್ತಾನೆ. ನನಗೆ ಬೀಟಿನಲ್ಲಿ ಸಿಕ್ಕ ಸುಳಿವುಗಳಲ್ಲಿ ಅರ್ಧಕ್ಕರ್ಧ ಫುಟ್‌ಪಾತಿನವರು ಕೊಟ್ಟಿದ್ದು. "ಸಾರ್, ಒಂದು ನೀಲಿ ಆಟೋ ಮೂರು ಸಲ ಬಂದು ಹೋಯಿತು" ಅಂತ ಹೇಳುವವರು ಅವರು. ರಾತ್ರಿ ಪೂರ್ತಿ ಅಲ್ಲೇ ಇರುವವರು ಅವರೊಬ್ಬರೇ ತಾನೆ! ಅವರನ್ನು ಓಡಿಸಿದರೆ ಓಣಿಯ ಕಣ್ಣು ಕಿತ್ತ ಹಾಗೆ.

ಇನ್ನೊಂದು. ಮಾನಸಿಕ ಕಾಯಿಲೆ ಇದ್ದು ಅಲೆಯುವವರು ಸಿಕ್ಕರೆ ಅದು ಪೊಲೀಸರ ಕರ್ತವ್ಯ, ಉಪಕಾರ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಸೆಕ್ಷನ್ 100 ನೋಡಿ. ತನ್ನ ಯೋಗಕ್ಷೇಮ ನೋಡಿಕೊಳ್ಳಲಾಗದವರನ್ನು ಠಾಣೆಯ ಅಧಿಕಾರಿ ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಸಂಸ್ಥೆಗೆ ಮುಟ್ಟಿಸಬೇಕು. ಲಾಕಪ್ಪಿಗೆ ಹಾಕುವಂತಿಲ್ಲ. ಮನೆ ಇಲ್ಲದವರಾದರೆ ಕಾಣೆಯಾದವರ ಪ್ರಕರಣ ದಾಖಲಿಸಿ ಮನೆಯವರನ್ನು ಹುಡುಕಬೇಕು.

ಆಗುತ್ತಾ ಅಂತ ಕೇಳಬೇಡಿ. ಒಮ್ಮೆ ಹೀಗೇ ಒಬ್ಬನನ್ನು ಕರೆದುಕೊಂಡು ಹೋಗಿ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗಿನವರೆಗೆ ಕೂತಿದ್ದೆ. "ಸಂಬಂಧಿಕರು ಎಲ್ಲಿ?" ಅಂತ ಮೂರು ಜನ ಕೇಳಿದರು. ಮೂರನೆಯವರಿಗೆ ನಾನೇ ಅವನ ಚಿಕ್ಕಪ್ಪ ಅಂದುಬಿಟ್ಟೆ.

ತರ್ಲೆ_ತಿಮ್ಮ
ಚಿಕ್ಕಪ್ಪ ಸಹಿ ಹಾಕಿದ್ರಾ?

ನಿವೃತ್ತ_ಪೇದೆ
ಹಾಕಿದೆ. ಇನ್ನೇನು ಮಾಡಲಿ.

ಕ್ಯಾಶುವಾಲ್ಟಿ_ಸಿಸ್ಟರ್
ಪ್ರೆಸ್ ಅಣ್ಣ, ಎಬ್ಬಿಸಬೇಕಾ ಬೇಡವಾ ಅಂತ ಕೇಳಿದ್ದೀರಿ. ನಿದ್ದೆ ಮಾಡುವವರನ್ನು ಎಬ್ಬಿಸಬೇಡಿ. ಬಿದ್ದಿರುವವರನ್ನು ಎಬ್ಬಿಸಿ. ವ್ಯತ್ಯಾಸ ಕಲಿಯಬಹುದು.

ಮಲಗಿದವರು ತಮಗೆ ಬೇಕಾದ ಹಾಗೆ ಮಲಗಿರುತ್ತಾರೆ. ತಲೆ ಕೆಳಗೆ ಏನಾದರೂ ಇರುತ್ತೆ, ಚಪ್ಪಲಿಯಾದರೂ ಸರಿ. ಕಾಲು ಮಡಚಿರುತ್ತಾರೆ. ಬಿದ್ದವರ ಕೈ ಕಾಲು ಎಲ್ಲೆಲ್ಲೋ ಇರುತ್ತೆ, ಮುಖ ನೆಲಕ್ಕೆ, ಒಂದು ಚಪ್ಪಲಿ ದೂರದಲ್ಲಿ. ಅನುಮಾನ ಬಂದರೆ ನಾಲ್ಕು ಹೆಜ್ಜೆ ದೂರದಿಂದ ಮಾತಾಡಿಸಿ. ಟಾರ್ಚ್ ಮುಖಕ್ಕೆ ಬೇಡ, ನೆಲಕ್ಕೆ ಬಿಡಿ. ಎದ್ದ ತಕ್ಷಣ ನಿಮ್ಮ ಮುಖ ಅವರಿಗೆ ಕಾಣಬೇಕು, ನಿಮ್ಮ ಬೆಳಕಲ್ಲ. ಕೂತು ಮಾತಾಡಿ, ಮೇಲಿಂದ ನಿಂತು ಅಲ್ಲ. ಉಸಿರಾಟ ಗೊರಗೊರ ಅಂತಿದ್ದರೆ, ಬಾಯಲ್ಲಿ ವಾಂತಿ ಇದ್ದರೆ ಮಗ್ಗುಲಿಗೆ ಹೊರಳಿಸಿ 108ಕ್ಕೆ ಫೋನ್ ಮಾಡಿ. ಬಾಯಿಗೆ ನೀರು ಹಾಕಬೇಡಿ. ಈರುಳ್ಳಿ, ಬೀಗದ ಕೈ ಏನೂ ಬೇಡ.

"ಕುಡುಕ" ಅಂತ ಬರೆದು ತಂದುಬಿಟ್ಟಿದ್ದ ಒಬ್ಬರನ್ನು ನಾನು ನೋಡಿದ್ದೇನೆ. ಬಾಯಿ ಮೂಸಿದರೆ ವಾಸನೆ ಇಲ್ಲ. ಶುಗರ್ ನೋಡಿದರೆ 34. ಗ್ಲೂಕೋಸ್ ಹತ್ತಿಸಿದ ಸ್ವಲ್ಪ ಹೊತ್ತಿಗೆ ಎದ್ದು ಕೂತು "ನನ್ನ ತಕ್ಕಡಿ ಎಲ್ಲಿ?" ಅಂದರು. ತರಕಾರಿ ಮಾರುವವರು. ಜನ ಎರಡು ಗಂಟೆ ಅವರನ್ನು ದಾಟಿಕೊಂಡು ಓಡಾಡಿದ್ದರು.

ಇನ್ನು ನಿಜವಾಗಿ ದಿನಾ ಕುಡಿಯುವವರಿಗೆ "ಇವತ್ತಿಂದ ಬಿಡು" ಅಂತ ಬುದ್ಧಿ ಹೇಳಿ ಬರಬೇಡಿ. ಜಾಸ್ತಿ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ಅದು ವೈದ್ಯರ ಕೈಯಲ್ಲಿ ಆಗಬೇಕಾದ ಕೆಲಸ.

ಪ್ರೆಸ್_ಪಾಳಿ
ಸಿಸ್ಟರ್, ಇದನ್ನು ಪ್ರಿಂಟ್ ಹಾಕಿ ಎಲ್ಲರ ಜೇಬಿಗೆ ಇಡುತ್ತೇನೆ. ಪ್ರೆಸ್ ನಮ್ಮದೇ.

ಅಕ್ಕಿಪೇಟೆ_ಅಳಿಯ
ನಂಬರ್‌ಗಳನ್ನೂ ಹಾಕಿ. ತುರ್ತಿಗೆ 112. ಆಂಬುಲೆನ್ಸ್ 108. ಮಕ್ಕಳಿಗೆ 1098. ಹಿರಿಯರಿಗೆ 14567. ಹೆಣ್ಣುಮಕ್ಕಳಿಗೆ 181. ಮನಸ್ಸಿನ ತೊಂದರೆಗೆ ಟೆಲಿ ಮನಸ್, 14416. ಅದು 2022ರಲ್ಲಿ ಶುರುವಾಗಿದ್ದು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ತರ್ಲೆ_ತಿಮ್ಮ
ಇಷ್ಟು ನಂಬರ್ ನೆನಪಿಟ್ಟುಕೊಳ್ಳುವವನಿಗೆ 14416 ಬೇಕಾಗಲ್ಲ.

ಹಳೇ_ಬೆಂಗಳೂರು
ನಮ್ಮ ಓಣಿಯಲ್ಲಿ ಮೊದಲು ಒಬ್ಬ ಗೂರ್ಖಾ ಬರುತ್ತಿದ್ದ. ದೊಣ್ಣೆಯಿಂದ ಲೈಟ್ ಕಂಬಕ್ಕೆ ಟಣ್ ಅಂತ ಬಡಿದು ಸೀಟಿ ಊದುತ್ತಿದ್ದ. ತಿಂಗಳಿಗೆ ಮನೆಗೆ ಐದು ರೂಪಾಯಿ. ಸೀಟಿ ಕೇಳಿಸಿದರೆ ನಮಗೆ ನಿದ್ದೆ. ಕೇಳಿಸದಿದ್ದರೆ ಅಜ್ಜ ಎದ್ದು ಕೂರುತ್ತಿದ್ದರು. ಊರಲ್ಲಿ ತಳವಾರ ಇದ್ದ ಹಾಗೆ. ಈಗ ಕ್ಯಾಮೆರಾ ಇದೆ, ನಿದ್ದೆ ಇಲ್ಲ.

ಅಕ್ಕಿಪೇಟೆ_ಅಳಿಯ
ಗೂರ್ಖಾ ಸೀಟಿ ಊದಿದ್ದು ಕಳ್ಳನಿಗೆ "ನಾನು ಬರ್ತಿದ್ದೀನಿ, ನೀನು ಹೋಗು" ಅಂತ ಹೇಳೋಕೆ ಅಂತ ನಮ್ಮಪ್ಪ ನಗಾಡೋರು.

ಹಳೇ_ಬೆಂಗಳೂರು
ನಿಮ್ಮಪ್ಪ ಐದು ರೂಪಾಯಿ ಕೊಡದವರಿರಬೇಕು.

ವಿನಿಪೆಗ್_ಚಳಿ
ಕೆನಡಾದಿಂದ ಬರೆಯುತ್ತಿದ್ದೇನೆ, ಊರು ದಾವಣಗೆರೆ. ಇಲ್ಲಿ ವಿನಿಪೆಗ್‌ನಲ್ಲಿ ಬೇರ್ ಕ್ಲ್ಯಾನ್ ಪೆಟ್ರೋಲ್ ಅಂತ ಒಂದು ಗಸ್ತು ಇದೆ. ನಾನು ಮೂರು ಸಲ ಅವರ ಜತೆ ನಡೆದಿದ್ದೇನೆ, ಅದಕ್ಕೇ ಬಾಯಿ ಹಾಕುತ್ತಿದ್ದೇನೆ.

ಇದನ್ನು ಶುರು ಮಾಡಿದ್ದು ಅಂಗಡಿಯವರಲ್ಲ. ನಾರ್ತ್ ಎಂಡ್ ಅನ್ನುವ ಬಡಾವಣೆಯ ಮೂಲನಿವಾಸಿ ಜನ, 1992ರಲ್ಲಿ. ಕೆಲವು ವರ್ಷ ನಡೆದು ನಿಂತುಹೋಯಿತು. 2014ರ ಆಗಸ್ಟ್‌ನಲ್ಲಿ ಟೀನಾ ಫಾಂಟೇನ್ ಎಂಬ 15 ವರ್ಷದ ಹುಡುಗಿಯ ಶವ ಇಲ್ಲಿನ ರೆಡ್ ನದಿಯಲ್ಲಿ ಸಿಕ್ಕಿತು. ನಮ್ಮ ಮಕ್ಕಳನ್ನು ನಾವೇ ನೋಡಿಕೊಳ್ಳಬೇಕು ಅಂತ ಜನ ಮತ್ತೆ ಬೀದಿಗಿಳಿದರು. ಒಜಿಬ್ವೆ ಜನರಲ್ಲಿ ಕರಡಿ ಕುಲದವರು ಅಂದರೆ ಕಾವಲಿನವರು. ಹೆಸರು ಬಂದಿದ್ದು ಅಲ್ಲಿಂದ.

ಕೈಯಲ್ಲಿ ಆಯುಧ ಇಲ್ಲ. ಒಂದು ಗಾಡಿಯಲ್ಲಿ ತಿಂಡಿ, ನೀರು, ಕೈಗವಸು. ಇಕ್ಕಳದಲ್ಲಿ ಹಿಡಿದು ಬಿಸಾಡಿದ ಸೂಜಿಗಳನ್ನು ಡಬ್ಬಿಗೆ ಹಾಕುತ್ತಾ ಹೋಗುತ್ತಾರೆ. ನಾನು ಹೋದ ಮೊದಲ ರಾತ್ರಿ ಮೈನಸ್ 27. ಬಸ್ ಸ್ಟಾಪಿನ ಗಾಜಿನ ಗೂಡಿನಲ್ಲಿ ಒಬ್ಬಾಕೆ ಕೂತಿದ್ದರು. ತಂಡದ ಹಿರಿಯಾಕೆ ಹೋಗಿ ಅವರ ಭಾಷೆಯಲ್ಲಿ ಏನೋ ತಮಾಷೆ ಮಾಡಿದರು, ಇಬ್ಬರೂ ನಕ್ಕರು. ಆಮೇಲೆ ಸಾಕ್ಸ್ ಕೊಟ್ಟರು. ಅಷ್ಟೇ. ಮುಂದಿನ ಓಣಿಯಲ್ಲಿ ನಾನು "ಅವರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕಿತ್ತಲ್ವಾ?" ಅಂತ ಕೇಳಿದೆ. "ಅವಳು ಬರುತ್ತೇನೆ ಅಂದ ದಿನ" ಅಂದರು. ಅವತ್ತು ಹೋಗುವಾಗ ಒಂದು ಸಲ, ಬರುವಾಗ ಇನ್ನೊಂದು ಸಲ ಅಲ್ಲಿಗೆ ಹೋಗಿ ನೋಡಿದರು.

ಡೌನ್‌ಟೌನ್‌ನಲ್ಲಿ ಬೇರೆ ತಂಡ ಇದೆ. ಡೌನ್‌ಟೌನ್ ಕಮ್ಯುನಿಟಿ ಸೇಫ್ಟಿ ಪಾರ್ಟ್ನರ್‌ಶಿಪ್ ಅಂತ, 2020ರಿಂದ. ಅವರು ಸಂಬಳದ ಮೇಲೆ ಕೆಲಸ ಮಾಡುವವರು, ಹಗಲು ರಾತ್ರಿ ಇರುತ್ತಾರೆ.

ಗಲ್ಲಾಪೆಟ್ಟಿಗೆ
ಕೆನಡಾ ಪುರಾಣ ಚೆನ್ನಾಗಿದೆ. ಅಲ್ಲಿ ದುಡ್ಡಿದೆ ಸ್ವಾಮಿ.

ಕಾಫಿ_ಡಿಕಾಕ್ಷನ್
ದುಡ್ಡಿದ್ದರೂ ಉಳಿಯಲ್ಲ. ಅಮೆರಿಕದ ಆರೆಗಾನ್ ರಾಜ್ಯದ ಯೂಜೀನ್ ಊರಿನಲ್ಲಿ ಕಹೂಟ್ಸ್ ಅಂತ ಒಂದು ಸೇವೆ ಇತ್ತು. 1989ರಲ್ಲಿ ಶುರು. ಯಾರಾದರೂ ಬೀದಿಯಲ್ಲಿ ಕಿರುಚಾಡುತ್ತಿದ್ದರೆ, ಬಿದ್ದಿದ್ದರೆ ಪೊಲೀಸ್ ಬದಲು ಒಂದು ವ್ಯಾನ್ ಬರುತ್ತಿತ್ತು. ಅದರಲ್ಲಿ ವೈದ್ಯಕೀಯ ತರಬೇತಿ ಇದ್ದವರು ಒಬ್ಬರು, ಸಮಾಧಾನ ಮಾಡಲು ಕಲಿತವರು ಒಬ್ಬರು. ದೇಶದ ತುಂಬ ಅದರದ್ದೇ ಮಾತು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಆ ಊರಿನಲ್ಲೇ ನಿಂತುಹೋಯಿತು. ದುಡ್ಡಿನ ತಾಪತ್ರಯವೇ. ಮೂವತ್ತೈದು ವರ್ಷ ನಡೆದದ್ದಕ್ಕೇ ಈ ಗತಿ. ನಿಮ್ಮ ಹನ್ನೆರಡು ಜಾಕೆಟ್ ದೀಪಾವಳಿವರೆಗೆ ಇದ್ದರೆ ದೊಡ್ಡದು.

ಮಯಿಲಾಪುರ_ಮಂಜು
ಅಷ್ಟು ದೂರ ಯಾಕೆ ಹೋಗುತ್ತೀರಿ? ನಾನು ಇರುವುದು ಚೆನ್ನೈಯಲ್ಲಿ. ಇಲ್ಲಿನ ಪೊಲೀಸರು 2021ರಲ್ಲಿ ಕಾವಲ್ ಕರಂಗಳ್ ಶುರು ಮಾಡಿದರು. ಕಾವಲಿನ ಕೈಗಳು ಅಂತ ಅರ್ಥ. ಬೀದಿಯಲ್ಲಿ ಅಲೆಯುವವರನ್ನು ಕಂಡರೆ ಫೋನ್ ಮಾಡಬಹುದು. ಪೊಲೀಸರು, ಸ್ವಯಂಸೇವಕರು ಸೇರಿ ಆಶ್ರಯಕ್ಕೋ ಆಸ್ಪತ್ರೆಗೋ ಸೇರಿಸುತ್ತಾರೆ. ಮನೆಯವರನ್ನು ಹುಡುಕುತ್ತಾರೆ. ಮುಖ್ಯ ಏನೆಂದರೆ ಕರೆದುಕೊಂಡು ಹೋದ ಮೇಲೆ ಎಲ್ಲಿಗೆ ಅನ್ನುವುದಕ್ಕೆ ಇಲ್ಲಿ ಉತ್ತರ ಇದೆ. 1993ರಿಂದ ದಿ ಬ್ಯಾನಿಯನ್ ಅಂತ ಸಂಸ್ಥೆ ಇದೆ, ಬೀದಿಯಲ್ಲಿ ಸಿಕ್ಕ ಮಾನಸಿಕ ಅಸ್ವಸ್ಥ ಹೆಣ್ಣುಮಕ್ಕಳಿಗಾಗಿಯೇ ಶುರುವಾದದ್ದು. ಹೋಗುವ ಜಾಗ ಇಲ್ಲದೆ ಗಸ್ತು ತಿರುಗಿದರೆ ಅದು ಸುಮ್ನೆ ವಾಕಿಂಗ್.

ಅಕ್ಕಿಪೇಟೆ_ಅಳಿಯ
ನಮ್ಮಲ್ಲಿಯೂ ಇದ್ದಾರೆ ಮಾರಾಯ್ರೆ. ಬಾಸ್ಕೋ 1980ರಿಂದ ಬೀದಿ ಮಕ್ಕಳ ಜತೆ ಕೆಲಸ ಮಾಡುತ್ತಿದೆ. ಪೂರ್ತಿ ಹೆಸರು ಗೊತ್ತಾ? ಬೆಂಗಳೂರು ಓಣಿಯವರ ಸೇವಾ ಕೂಟ. ನಾನು ಬಹಳ ದಿನ ಅದನ್ನು ಇಂಗ್ಲಿಷ್ ಹೆಸರು ಅಂದುಕೊಂಡಿದ್ದೆ.

ವಕೀಲ_ವೃತ್ತಿ
ಎರಡು ಮೂರು ವಿಷಯ, ಬೇಗ ಹೇಳುತ್ತೇನೆ, ಕೋರ್ಟ್ ಇದೆ.

ಜಾಕೆಟ್ ಹಾಕಿದ ಮಾತ್ರಕ್ಕೆ ಅಧಿಕಾರ ಬರುವುದಿಲ್ಲ. ಚೀಲ ತೆರೆಸುವಂತಿಲ್ಲ, ಆಧಾರ್ ಕೇಳುವಂತಿಲ್ಲ, ಹಿಡಿದು ನಿಲ್ಲಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 40ರಲ್ಲಿ ಖಾಸಗಿ ವ್ಯಕ್ತಿಯೂ ಬಂಧಿಸಬಹುದು. ಆದರೆ ಯಾವಾಗ? ನಿಮ್ಮ ಕಣ್ಣೆದುರೇ ಜಾಮೀನಿಲ್ಲದ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ನಡೆದಾಗ, ಇಲ್ಲವೇ ಅವನು ಘೋಷಿತ ಅಪರಾಧಿಯಾದಾಗ. ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಮಲಗುವುದು ಆ ಪಟ್ಟಿಯಲ್ಲಿ ಇಲ್ಲ.

ಇನ್ನು ಭಿಕ್ಷಾಟನೆ. ನಮ್ಮಲ್ಲಿ 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಇನ್ನೂ ಇದೆ. ಗಲ್ಲಾಪೆಟ್ಟಿಗೆಯವರೇ, ನಿಮ್ಮ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ಭಿಕ್ಷುಕರ ಹೆಸರಿನಲ್ಲಿ ಶೇ. 3ರಷ್ಟು ಕರ ಕಟ್ಟುತ್ತಿದ್ದೀರಿ. ದಯೆ ಬೇಡ ಅಂದರೂ ದಯೆಗೆ ದುಡ್ಡು ಆಗಲೇ ಕೊಟ್ಟಾಗಿದೆ. ಲೆಕ್ಕ ಕೇಳುವುದಾದರೆ ಅಲ್ಲಿ ಕೇಳಿ.

ಆ ಕಾಯ್ದೆಯಡಿ ಹಿಡಿದು ಕಳಿಸುತ್ತಿದ್ದ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರಲ್ಲಿ ಸಾಲು ಸಾಲು ಸಾವುಗಳಾದವು. ನೆನಪಿದೆಯಾ? ದಿಲ್ಲಿಯಲ್ಲಿ ಭಿಕ್ಷೆ ಬೇಡುವುದನ್ನು ಅಪರಾಧ ಮಾಡುವ ಕಲಮುಗಳನ್ನು ಅಲ್ಲಿನ ಹೈಕೋರ್ಟ್ 2018ರ ಆಗಸ್ಟ್‌ನಲ್ಲಿ ಹೊಡೆದುಹಾಕಿತು.

ಗಲ್ಲಾಪೆಟ್ಟಿಗೆ
ರಸೀದಿ ನೋಡಿದೆ. ಇದೆ. ಇಷ್ಟು ವರ್ಷ ಕಟ್ಟಿದ್ದೇನೆ, ಗೊತ್ತೇ ಇರಲಿಲ್ಲ.

ಕೊನೇ_ಬಸ್ಸು
ಒಂದು ಪ್ರಶ್ನೆ. ಹನ್ನೆರಡು ಜನರಲ್ಲಿ ಹೆಂಗಸರು ಎಷ್ಟು?

ಪ್ರೆಸ್_ಪಾಳಿ
ಸೊನ್ನೆ.

ಕೊನೇ_ಬಸ್ಸು
ಅಂದುಕೊಂಡೆ. ನಾನು ಒಂದು ಹೋಟೆಲ್ಲಿನಲ್ಲಿ ಹೌಸ್‌ಕೀಪಿಂಗ್. ಪಾಳಿ ಮುಗಿಸಿ ಮೆಜೆಸ್ಟಿಕ್‌ನಲ್ಲಿ ಇಳಿದು ಕಾಟನ್‌ಪೇಟೆ ಕಡೆಗೆ ನಡೆಯುವಾಗ ಮುಂದಿನ ತಿರುವಿನಲ್ಲಿ ಹನ್ನೆರಡು ಗಂಡಸರು ಟಾರ್ಚು ಹಿಡಿದು ನಿಂತಿದ್ದರೆ ನನಗೆ ಧೈರ್ಯ ಬರುತ್ತೆ ಅಂದುಕೊಂಡಿದ್ದೀರಾ? ನಾನು ಬಂದ ದಾರಿಗೆ ಓಡುತ್ತೇನೆ. ನನಗೆ ನಿಜಕ್ಕೂ ಧೈರ್ಯ ಬರುವುದು ಯಾವಾಗ ಗೊತ್ತಾ? ಸೈಕಲ್ ಮೇಲೆ ಟೀ ಮಾರುವವನು ಕಂಡಾಗ. ಅವನ ಸುತ್ತ ನಾಲ್ಕು ಜನ ಇರುತ್ತಾರೆ, ಬೆಳಕಿರುತ್ತೆ, ಮಾತಿರುತ್ತೆ. ಅವನನ್ನೇ ಮೊದಲು ಓಡಿಸುತ್ತಾರೆ.

ನಿವೃತ್ತ_ಪೇದೆ
ಓಡಿಸಿದ್ದೇನೆ. ಟೀ ಕುಡಿದು ಓಡಿಸಿದ್ದೇನೆ. ಒಪ್ಪಿಕೊಳ್ಳುತ್ತೇನೆ.

ನೀಲಿ_ಬಳೆ
ಗಲ್ಲಾಪೆಟ್ಟಿಗೆಯವರ ಪುಸ್ತಕದ ಐಡಿಯಾಗೆ ಉತ್ತರ. ನಾನು ಟ್ರಾನ್ಸ್ ಮಹಿಳೆ. ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಅಂತ ಸೆಕ್ಷನ್ ಸೇರಿಸಿದ್ದರು. ನಮ್ಮಂಥವರ ಹೆಸರು, ವಿಳಾಸದ ರಿಜಿಸ್ಟರ್ ಇಡಬಹುದು ಅಂತ. ಏನೂ ಮಾಡದಿದ್ದರೂ ಅನುಮಾನದ ಪಟ್ಟಿ. ಹೈಕೋರ್ಟಿಗೆ ಹೋದ ಮೇಲೆ ನಮ್ಮನ್ನು ಬೊಟ್ಟು ಮಾಡುವ ಪದ ತೆಗೆದರು. ಸರ್ಕಾರದ್ದೇ ಪುಸ್ತಕದ ಕಥೆ ಹೀಗೆ. ಈಗ ಸೀರೆ ಅಂಗಡಿಯವರ ಪುಸ್ತಕವೂ ಬೇಕಾ? ರಾತ್ರಿ ರಸ್ತೆಯಲ್ಲಿ ನಿಲ್ಲುವ ನಮಗೆ ಕುಡುಕರಿಗಿಂತ ಗುಂಪಿನ ಭಯ ಜಾಸ್ತಿ. ಗುಂಪಿಗೆ ಜಾಕೆಟ್ ಹಾಕಿದರೆ ಭಯ ಹೋಗಲ್ಲ.

ಗಲ್ಲಾಪೆಟ್ಟಿಗೆ
ಎಲ್ಲರೂ ನನ್ನ ಮೇಲೇ ಬೀಳುತ್ತಿದ್ದೀರಿ. ನಾನೇನು ರಾಕ್ಷಸನಾ? ಕಳ್ಳರ ಭಯಕ್ಕೆ ಹೇಳಿದೆ.

ಚಾಮರಾಜಪೇಟೆ_ಚಂದ್ರ
ಭಯದ್ದೇ ಕಥೆ. 2018ರ ಮೇ ತಿಂಗಳಲ್ಲಿ ನಮ್ಮ ಚಾಮರಾಜಪೇಟೆಯಲ್ಲಿ ಏನಾಯಿತು? ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸ್ಯಾಪ್ ಓಡಾಡುತ್ತಿತ್ತು. ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಹುಡುಗನನ್ನು ಕಟ್ಟಿ ಹೊಡೆದು ಕೊಂದರು. ಹಗಲು ಹೊತ್ತಿನಲ್ಲಿ. ಹೊಡೆದವರು ನಮ್ಮ ಓಣಿ ಕಾಯುತ್ತಿದ್ದೇವೆ ಅಂತಲೇ ಅಂದುಕೊಂಡಿದ್ದರು. ನಿಮ್ಮ ಗುಂಪಿನಲ್ಲಿ ಫೋಟೋ ಹಾಕುವುದನ್ನು ಇವತ್ತೇ ನಿಲ್ಲಿಸಿ. ಇವತ್ತು ಖಾಲಿ ಜಾಗದ ಫೋಟೋ, ನಾಳೆ ಇನ್ಯಾರದ್ದೋ ಮುಖದ ಕೆಳಗೆ "ಹುಷಾರ್" ಅಂತ ಬರುತ್ತೆ.

ತರ್ಲೆ_ತಿಮ್ಮ
ಇದಕ್ಕೆ ತಮಾಷೆ ಇಲ್ಲ.

ಸಿಂಧನೂರು_ಸೀನ
ನಾನು ಅಲ್ಲಿ ಮಲಗಿದವನು. ಅದಕ್ಕೆ ಬರೆಯುತ್ತಿದ್ದೇನೆ.

ಮಳೆ ಕೈಕೊಟ್ಟ ವರ್ಷ ಊರಿನಿಂದ ಗುಳೆ ಬಂದೆ. ಹತ್ತೊಂಬತ್ತು ವಯಸ್ಸು. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಕೆಲಸ. ಹನ್ನೊಂದು ರಾತ್ರಿ ಫುಟ್‌ಪಾತ್, ಆಮೇಲೆ ರೂಮು ಸಿಕ್ಕಿತು. ಎಲ್ಲರೂ ಕೇಳುತ್ತಾರೆ, ಶೆಲ್ಟರ್ ಇತ್ತಲ್ಲ, ಯಾಕೆ ಹೋಗಲಿಲ್ಲ ಅಂತ. ಲಾರಿ ಬರುವುದು ರಾತ್ರಿ ಎರಡು ಮೂರಕ್ಕೆ. ಅಷ್ಟು ಹೊತ್ತಿಗೆ ಅಲ್ಲಿ ನಿಂತಿದ್ದವನಿಗೆ ಕೂಲಿ. ಶೆಲ್ಟರಿನಲ್ಲಿ ಆ ಹೊತ್ತಿಗೆ ಬಾಗಿಲು ಯಾರು ತೆಗೆಯುತ್ತಾರೆ? ನಾಲ್ಕು ಮೈಲಿ ನಡೆದು ಬರುವವರು ಯಾರು?

ಆ ಹನ್ನೊಂದು ದಿನ ನಾನು ದಿನಕ್ಕೆ ಎರಡು ಸಲ ಯೋಚನೆ ಮಾಡುತ್ತಿದ್ದುದು ಅನ್ನದ್ದಲ್ಲ. ಇಂದಿರಾ ಕ್ಯಾಂಟೀನಿನಲ್ಲಿ ಐದು ರೂಪಾಯಿಗೆ ಇಡ್ಲಿ ಸಿಗುತ್ತಿತ್ತು. ಯೋಚನೆ ಎರಡೇ. ಸಂಡಾಸಿಗೆ ಎಲ್ಲಿ ಹೋಗಲಿ. ಚೀಲ ಎಲ್ಲಿ ಇಡಲಿ. ಸುಲಭ್ ಶೌಚಾಲಯ ರಾತ್ರಿ ಬೀಗ. ಚೀಲ ಇಟ್ಟುಕೊಂಡು ಮೂಟೆ ಹೊರಲಾಗಲ್ಲ, ಬಿಟ್ಟುಹೋದರೆ ಇರಲ್ಲ. ಅದರಲ್ಲಿ ಇದ್ದದ್ದು ಒಂದು ಅಂಗಿ, ಟೆಂತ್ ಮಾರ್ಕ್ಸ್ ಕಾರ್ಡು, ಅವ್ವ ಕೊಟ್ಟ ಶೇಂಗಾ ಚಟ್ನಿ ಪುಡಿ. ಐದನೇ ದಿನ ಹೋಯಿತು. ಮಾರ್ಕ್ಸ್ ಕಾರ್ಡ್ ಇನ್ನೊಂದು ಮಾಡಿಸಲು ಎರಡು ವರ್ಷ ಹಿಡಿಯಿತು.

ಗಸ್ತಿನವರು ಬಂದಿದ್ದರು. ಪೊಲೀಸರಲ್ಲ, ನಿಮ್ಮಂಥ ಮಂದಿ. ಭಾಳ ಒಳ್ಳೆಯವರು, ಕಂಬಳಿ ಕೊಟ್ಟರು. ಮೇ ತಿಂಗಳು. ಕಂಬಳಿ ಹಿಡಿದು ಫೋಟೋ ತೆಗೆಸಿಕೊಂಡರು. ಅದನ್ನು ಎಂಬತ್ತು ರೂಪಾಯಿಗೆ ಮಾರಿದೆ. ಬೇಜಾರು ಮಾಡಿಕೊಳ್ಳಬೇಡಿ.

ತರ್ಲೆ_ತಿಮ್ಮ
ಮೇ ತಿಂಗಳಲ್ಲಿ ಕಂಬಳಿ ಕೊಂಡವನು ಯಾರು, ಅವನೇ ದೊಡ್ಡ ವ್ಯಾಪಾರಿ.

ಸಿಂಧನೂರು_ಸೀನ
ಲಾರಿ ಡ್ರೈವರು. ಊಟಿಗೆ ಹೊರಟಿದ್ದ.

ವಕೀಲ_ವೃತ್ತಿ
ಶೆಲ್ಟರ್ ಬಗ್ಗೆ. 2024ರವರೆಗೆ ಇದ್ದ ಕೇಂದ್ರದ ನಗರ ಜೀವನೋಪಾಯ ಯೋಜನೆಯ ಮಾರ್ಗಸೂಚಿ ಪ್ರಕಾರ ಒಂದು ಲಕ್ಷ ಜನಸಂಖ್ಯೆಗೆ ಒಂದು, ನೂರು ಜನ ಇರುವಷ್ಟು. ಒಬ್ಬರಿಗೆ ಕನಿಷ್ಠ 50 ಚದರಡಿ. 24 ಗಂಟೆಯೂ ತೆರೆದಿರಬೇಕಿತ್ತು. 2011ರ ಜನಗಣತಿಯಲ್ಲೇ ಬೆಂಗಳೂರು ಪಾಲಿಕೆಯಲ್ಲಿ 84 ಲಕ್ಷ ಜನ. ಗುಣಾಕಾರ ನೀವೇ ಮಾಡಿ. ಅಷ್ಟು ಶೆಲ್ಟರ್ ನಾನಂತೂ ಕಂಡಿಲ್ಲ.

ಕಾಫಿ_ಡಿಕಾಕ್ಷನ್
ಹಾಗಾದರೆ ಗಸ್ತು ಮಾಡಬೇಡಿ, ಪಾಲಿಕೆ ಮುಂದೆ ಕೂರಿ. ಇದು ಸರ್ಕಾರದ ಕೆಲಸ. ನಾಲ್ಕು ಜನ ಒಳ್ಳೆಯವರು ಟೀ ಕೊಟ್ಟರೆ ಸರ್ಕಾರ ಆರಾಮಾಗಿ ಮಲಗುತ್ತೆ.

ಕ್ಯಾಶುವಾಲ್ಟಿ_ಸಿಸ್ಟರ್
ಶುಗರ್ 34 ಇದ್ದವರಿಗೆ ಇದನ್ನು ಹೇಳಿ ಬನ್ನಿ.

ಕಾಫಿ_ಡಿಕಾಕ್ಷನ್
ಅದು ಬೇರೆ ಸಿಸ್ಟರ್.

ಕ್ಯಾಶುವಾಲ್ಟಿ_ಸಿಸ್ಟರ್
ಬೇರೆ ಅಲ್ಲ. ಅದೇ.

ಹಳೇ_ಬೆಂಗಳೂರು
ಮೂರು ಗಂಟೆಗೆ ಇಡ್ಲಿ ಸಿಗುವ ಜಾಗ ಯಾವುದಾದರೂ ಉಳಿದಿದೆಯಾ ಆ ಕಡೆ? ಸುಮ್ನೆ ಕೇಳಿದೆ.

ನಿರ್ವಾಹಕ
ಇಡ್ಲಿಗೆ ಬೇರೆ ಎಳೆ ಇದೆ. ಅಳಿಸಿದ ಮೂರು ಉತ್ತರಗಳು ವೈಯಕ್ತಿಕ ಬೈಗುಳ. ಮುಂದುವರಿಸಿ.

ಪ್ರೆಸ್_ಪಾಳಿ
ಹದಿನೈದು ದಿನ ಆಯಿತು. ಏನಾಯಿತು ಅಂತ ಹೇಳುತ್ತೇನೆ.

ನಿಮ್ಮ ಉತ್ತರಗಳನ್ನೆಲ್ಲ ಮೀಟಿಂಗಿನಲ್ಲಿ ಓದಿದೆ. ಐದು ಜನ ಎದ್ದು ಹೋದರು. "ಸಮಾಜಸೇವೆಗೆ ನಾವು ಬಂದಿಲ್ಲ" ಅಂದರು. ಒಳ್ಳೆಯದೇ ಆಯಿತು. ಉಳಿದವರು ಏಳು. ಮೂವರು ಮತ್ತು ನಾಲ್ವರ ಎರಡು ತಂಡ ಮಾಡಿದೆವು. ನಮ್ಮ ಬೈಂಡಿಂಗ್ ವಿಭಾಗದ ಅಕ್ಕ ಒಬ್ಬರು ಬಂದಿದ್ದಾರೆ, ಅವರೇ ಈಗ ಮುಂದೆ ನಡೆಯುವವರು. ಸೀಟಿ ಇಲ್ಲ. ಗುಂಪಿನಲ್ಲಿ ಫೋಟೋ ಇಲ್ಲ. ಒಂದು ಫ್ಲಾಸ್ಕ್ ಟೀ, ಬನ್ನು, ಸಿಸ್ಟರ್ ಬರೆದುಕೊಟ್ಟ ಚೀಟಿ.

ಮೂರು ರಾತ್ರಿ ಏನೂ ಆಗಲಿಲ್ಲ. ಯಾರೂ ನಮ್ಮ ಹತ್ತಿರ ಮಾತಾಡಲಿಲ್ಲ. ಟೀ ತೆಗೆದುಕೊಂಡು ಮುಖ ಆ ಕಡೆ ಮಾಡಿದರು. ಒಬ್ಬ ಹುಡುಗ ನಶೆಗೆ ಬಟ್ಟೆಯಲ್ಲಿ ಸೊಲ್ಯೂಷನ್ ಮೂಸುತ್ತಿದ್ದ, ಹತ್ತಿರ ಹೋಗುವಷ್ಟರಲ್ಲಿ ಓಡಿಬಿಟ್ಟ. 1098ಕ್ಕೆ ಫೋನ್ ಮಾಡಿದೆವು. ಇನ್ನೂ ಕಾಯುತ್ತಿದ್ದೇವೆ, ಅವನು ಮತ್ತೆ ಕಂಡಿಲ್ಲ. ನಾಲ್ಕನೇ ರಾತ್ರಿ ಒಬ್ಬರ ಕಾಲಿನ ಗಾಯದಲ್ಲಿ ಹುಳ ಆಗಿತ್ತು. ಬೈಂಡಿಂಗ್ ಅಕ್ಕ ಪಕ್ಕದಲ್ಲಿ ಕೂತು ಅರ್ಧ ಗಂಟೆ ಮಾತಾಡಿದ ಮೇಲೆ ಆಟೋ ಹತ್ತಿದರು. ವಿಕ್ಟೋರಿಯಾ ಆಸ್ಪತ್ರೆ ಹತ್ತಿರವೇ ಇರುವುದರಿಂದ ಬಚಾವು. ಚಿಕ್ಕಪ್ಪ ಆಗುವ ಅಗತ್ಯ ಬರಲಿಲ್ಲ.

ಆಮೇಲೆ ಅಜ್ಜಿ. ಶುಕ್ರವಾರ ಸಿಕ್ಕರು. ಮೊದಲಿನ ಶಟರ್ ಅಲ್ಲ, ಎರಡು ಓಣಿ ಆಚೆ, ಕತ್ತಲಿನ ಮೂಲೆಯಲ್ಲಿ. ನಾನು ದೂರದಲ್ಲೇ ಕೂತೆ. "ಅವತ್ತು ಸೀಟಿ ಊದಿದ್ದು ನಾವೇ ಅಜ್ಜಿ" ಅಂದೆ. "ಗೊತ್ತು, ಅದೇ ಜಾಕೀಟು" ಅಂದರು.

ಅವರಿಗೆ ಮನೆ ಇದೆ. ಮಗಳ ಜತೆ ಮಾಗಡಿ ರಸ್ತೆಯ ಕಡೆ ಒಂದು ರೂಮು. ಹೂ ಕಟ್ಟಿ ಮಾರುತ್ತಾರೆ. ಹೂವಿನ ಲೋಡು ಬರುವುದು ಮೂರಕ್ಕೆ, ಮೊದಲ ಬಸ್ಸು ಅಷ್ಟು ಹೊತ್ತಿಗೆ ಇಲ್ಲ. ಆಟೋಗೆ ಕೊಟ್ಟರೆ ಹೂವಿನಲ್ಲಿ ಏನೂ ಉಳಿಯಲ್ಲ. ಅದಕ್ಕೆ ಕೊನೇ ಬಸ್ಸಿಗೆ ಬಂದು ಇಲ್ಲಿ ಮಲಗುತ್ತಾರೆ. ಹದಿನಾಲ್ಕು ವರ್ಷದಿಂದ. ಆ ಸೀರೆ ಅಂಗಡಿ ಮುಂದೆ ಯಾಕೆ ಅಂದರೆ ಅಲ್ಲಿ ಲೈಟಿದೆ. ನಾವು ಬೆಳಕಿನಿಂದ ಎಬ್ಬಿಸಿ ಕತ್ತಲಿಗೆ ಕಳಿಸಿದ್ದು.

ಏನಾದರೂ ಬೇಕಾ ಅಂತ ಕೇಳಿದೆ. ಸ್ವಲ್ಪ ಯೋಚನೆ ಮಾಡಿ "ನೀವು ಎಷ್ಟು ಹೊತ್ತಿಗೆ ಈ ಕಡೆ ಬರ್ತೀರ?" ಅಂದರು. ಎರಡೂವರೆ ಅಂದೆ. "ಹಂಗಾದ್ರೆ ನನ್ನ ಎಬ್ಬಿಸಿ ಹೋಗಪ್ಪ. ಎಚ್ಚರ ಆಗ್ದೇ ಹೋದ್ರೆ ಅಂತ ನಿದ್ದೆನೇ ಬರಲ್ಲ."

ತರ್ಲೆ_ತಿಮ್ಮ
ಎಬ್ಬಿಸಬೇಕಾ ಬೇಡವಾ ಅಂತ ಕೇಳಿದ್ದಿರಿ!

ಕೊನೇ_ಬಸ್ಸು
ಫೋನಿನಲ್ಲಿ ಅಲಾರಂ ಇಟ್ಟುಕೊಡಬಹುದಿತ್ತು.

ಪ್ರೆಸ್_ಪಾಳಿ
ಎರಡು ಫೋನ್ ಕಳುವಾಗಿದೆಯಂತೆ. ಮೂರನೆಯದು ಮಗಳು ಕೊಡಿಸಲ್ಲ ಅಂದಿದ್ದಾಳೆ.

ಗಲ್ಲಾಪೆಟ್ಟಿಗೆ
ನಮ್ಮ ಶಟರ್ ಮುಂದೆ ಇವತ್ತು ಒಂದು ಬಲ್ಬ್ ಹಾಕಿಸಿದೆ. ರಾತ್ರಿ ಪೂರ್ತಿ ಉರಿಯುತ್ತೆ. ದಯೆ ಅಂತ ಬರೆಯಬೇಡಿ, ಬೀಗಕ್ಕೋಸ್ಕರ. ನಿವೃತ್ತ ಪೇದೆಯವರು ಹೇಳಿದ್ದು ತಲೇಲಿ ಕೂತುಬಿಟ್ಟಿದೆ. ಅಜ್ಜಿಗೆ ಹೇಳಿ, ಬಳೇಪೇಟೆ ತಿರುವಿನಿಂದ ಮೂರನೇ ಅಂಗಡಿ. ಫಿನಾಯಿಲ್ ವಾಸನೆ ಇರುತ್ತೆ, ಸಹಿಸಿಕೊಳ್ಳಬೇಕು.

ಸಿಂಧನೂರು_ಸೀನ
ಶನಿವಾರ ನಾನೂ ಬರುತ್ತೇನೆ. ಚೀಲ ಇಡುವ ಜಾಗದ ಬಗ್ಗೆ ಮಾರ್ಕೆಟ್ಟಿನ ಒಬ್ಬ ಮಂಡಿಯವರ ಹತ್ತಿರ ಮಾತಾಡಿದ್ದೇನೆ. ಹಳೆಯ ಕಬ್ಬಿಣದ ಬೀರು ಒಂದಿದೆ, ಎಂಟು ಖಾನೆ. ಎರಡಕ್ಕೆ ಬೀಗ ಇಲ್ಲ.

ಗಲ್ಲಾಪೆಟ್ಟಿಗೆ
ಬೀಗ ನಾನು ತರುತ್ತೇನೆ.